ಹೋಗುವ ದಾರಿಯನ್ನಷ್ಟೇ ಅಳೆದವರು

ಆ ಮನೆಯನ್ನು ಗಡಿಯಾರ ನೋಡಿ ಆರಿಸಿದೆವು ಎಂದು ನಾವು ಮೂವರೂ ಇವತ್ತಿಗೂ ಹೇಳುತ್ತೇವೆ. ಹೇಳಿ ಹೇಳಿ ಆ ಮಾತು ನುಣುಪಾಗಿಬಿಟ್ಟಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಆದ್ದರಿಂದ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಖಾತ್ರಿ ಇರುವುದು ಇಷ್ಟು. ನಾವು ಮೂವರು ಹುಡುಗಿಯರು ರಾಮದುರ್ಗದ ಕಡೆಯ ಒಂದೇ ಊರಿನವರು, ಒಂದೇ ಬೆಂಚಿನ ಮೇಲೆ ಕೂತು ಪಿಯುಸಿ ಮುಗಿಸಿದವರು. ಸೀಟು ಸಿಕ್ಕಿದ್ದು ಮಾತ್ರ ಮೂರು ದಿಕ್ಕಿಗೆ. ನನಗೆ ಗೋಕಾಕದಲ್ಲಿ ಬಿ.ಎ., ಒಬ್ಬಳಿಗೆ ಮೂಡಲಗಿಯಲ್ಲಿ ಬಿ.ಕಾಂ., ಇನ್ನೊಬ್ಬಳಿಗೆ ಹುಕ್ಕೇರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ರಕ್ತ ಪರೀಕ್ಷೆ ಮಾಡುವುದನ್ನು ಕಲಿಸುವ ಓದು ಅದು. ಈ ಹುಕ್ಕೇರಿಯವಳ ಮನೆಯಲ್ಲಿ ಒಂದು ಷರತ್ತಿತ್ತು. ಅವಳ ಸೋದರಮಾವ ಕಟ್ಟೆಯ ಮೇಲೆ ಕೂತು, ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದ:

"ಮೂರೂ ಮಂದಿ ಕೂಡಿ ಒಂದ ಮನ್ಯಾಗ ಇರತೀರಿ? ಹಂಗಿದ್ರ ಓದಲಿ. ಯಾವತ್ತ ಬ್ಯಾರೆ ಬ್ಯಾರೆ ಆದ್ರಿ, ಅವತ್ತ ಆಕಿ ಗಂಟು ಕಟಗೊಂಡು ಊರಿಗಿ."

ಅಂದರೆ ನಾನು ಎಲ್ಲಿದ್ದರೂ ಓದಬಹುದಿತ್ತು. ಮೂಡಲಗಿಯವಳೂ ಅಷ್ಟೆ. ಮನೆ ತಪ್ಪಿದರೆ ಓದು ತಪ್ಪುತ್ತಿದ್ದುದು ಮೂರನೆಯವಳಿಗೆ ಮಾತ್ರ.

ಹುಡುಕಾಟಕ್ಕೆ ನಾವೊಂದು ಪದ್ಧತಿ ಮಾಡಿಕೊಂಡೆವು. ಆ ಪದ್ಧತಿಯ ಬಗ್ಗೆ ನಮಗೆ ಬಹಳ ಜಂಬವಿತ್ತು. ಯಾವ ಊರಿನಲ್ಲಿ ಖೋಲಿ ನೋಡಿದರೂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಲ್ಲಿಂದ ಮೂವರೂ ಮೂರು ಕಡೆ ಹೊರಡುವುದು. ಕಾಲೇಜಿನ ಗೇಟು ಮುಟ್ಟಿದ ಕೂಡಲೇ ಫೋನು ಮಾಡುವುದು. ನಾನು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಮೂರೂ ಸಮಯ ಬರೆದುಕೊಳ್ಳುವುದು. ಬಸ್ಸಂತೂ ಹೆಂಗಸರಿಗೆ ಪುಕ್ಕಟೆ. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾನೆ. ಆ ಚೀಟಿಯನ್ನು ಕೈಯಲ್ಲಿ ಹಿಡಿದಾಗ, ದೂರ ಎಂಬುದಕ್ಕೆ ಇನ್ನು ಯಾರೂ ಏನೂ ತೆರಬೇಕಿಲ್ಲ ಎಂದು ನನಗೆ ಅನಿಸಿದ್ದು ನೆನಪಿದೆ.

ಗೋಕಾಕದ ಬಾಡಿಗೆ ನಮಗೆ ನಿಲುಕಲಿಲ್ಲ. ತುಕ್ಕಾನಟ್ಟಿಯಲ್ಲಿ ಗೋವಿನಜೋಳದ ಹೊಲಕ್ಕೆ ಅಂಟಿದ ಒಳ್ಳೆಯ ಖೋಲಿ ಸಿಕ್ಕಿತು. ಮೂಡಲಗಿಯವಳು ಅಲ್ಲೇ ಚಾಪೆ ಹಾಸಲು ತಯಾರಾದಳು. ಆದರೆ ಹುಕ್ಕೇರಿಯಿಂದ ಫೋನು ಬಂದಾಗ ಮೊದಲನೆಯ ಪೀರಿಯಡ್ಡೇ ಮುಗಿದಿತ್ತು. ಯಮಕನಮರಡಿ ಹೆದ್ದಾರಿಯ ಮೇಲಿನ ದೊಡ್ಡ ಊರು. ಅಲ್ಲಿ ಹುಕ್ಕೇರಿಯವಳು ನಕ್ಕಳು, ಮೂಡಲಗಿಯವಳು ಅತ್ತಳು. ನಿಜಕ್ಕೂ ಅತ್ತಳೋ, ಅಳುವಂತೆ ಮುಖ ಮಾಡಿದಳೋ, ಗೊತ್ತಿಲ್ಲ. ಮೂರು ಬಸ್ಸು ಬದಲಿಸಬೇಕಾಗಿದ್ದುದು ಮಾತ್ರ ನಿಜ.

ಕೊನೆಗೆ ಧುಪದಾಳ. ಬಾಜೂಕೇ ಘಟಪ್ರಭಾ ಪೇಟೆ ಇರುವುದರಿಂದ ಮೂರೂ ಕಡೆಗೆ ಬಸ್ಸು. ಏಳಕ್ಕೆ ಹೊರಟವರಲ್ಲಿ ಯಾರಿಗೂ ತಡವಾಗಲಿಲ್ಲ. ನೋಟುಬುಕ್ಕಿನಲ್ಲಿ ಮೂರು ಸಮಯಗಳೂ ಅಕ್ಕತಂಗಿಯರಂತೆ ಒಂದರ ಪಕ್ಕ ಒಂದು ಕೂತವು. ಗಡಿಯಾರ ನೋಡಿ ಆರಿಸಿದೆವು ಎಂಬುದು ಇದನ್ನೇ.

ಆದರೆ ಆ ಹಾಳೆ ತುಂಬುವ ಹಿಂದಿನ ದಿನ ನಾವು ನೀರು ನೋಡಿದ್ದೆವು.

ಧುಪದಾಳದ ಒಡ್ಡು ಎತ್ತರದ್ದಲ್ಲ. ಹೊಳೆಗೆ ಅಡ್ಡವಾಗಿ ಕಟ್ಟಿದ ಉದ್ದನೆಯ ಕಲ್ಲಿನ ಗೋಡೆ, ಅಷ್ಟೆ. ಆಗ ಮಳೆಗಾಲ, ಹೊಳೆ ತುಂಬಿತ್ತು. ಆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೀರು ಒಂದೇ ಸಮನೆ ಬಾಗಿ ಇಳಿಯುತ್ತಿತ್ತು. ನಾನು ಗೋಕಾಕದ ಜಲಪಾತವನ್ನೂ ನೋಡಿದವಳು. ಅದು ಧುಮುಕುತ್ತದೆ, ಜನ ಕೂಗುತ್ತಾರೆ, ಫೋಟೊ ತೆಗೆಯುತ್ತಾರೆ. ಇದು ಧುಮುಕಲಿಲ್ಲ. ಬರೀ ಬಾಗಿತು. ಅಷ್ಟು ದೊಡ್ಡದು ಅಷ್ಟು ಸಾವಕಾಶವಾಗಿ ಬಾಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಾಗುವ ಅಂಚಿನಲ್ಲಿ ನೀರು ಗಾಜಿನಂತೆ ಸ್ಥಿರವಾಗಿತ್ತು; ಒಂದೇ ನೀರು ಅಲ್ಲಿ ನಿಂತಿದೆಯೇನೋ ಅನ್ನುವಂತೆ, ಆದರೆ ಗಳಿಗೆ ಗಳಿಗೆಗೂ ಬೇರೆ ನೀರು. ಮೂವರೂ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತೆವು. ಕೊನೆಗೆ ಹುಕ್ಕೇರಿಯವಳು, "ಇಲ್ಲೇ ಇರೂಣ" ಅಂದಳು. ಅಂದಳೋ, ಅಂದಂತೆ ನನಗೆ ಕೇಳಿಸಿತೋ. ಸದ್ದು ಬಹಳವಿತ್ತು.

ಮನೆ ಊರೊಳಗಿನ ಓಣಿಯಲ್ಲಿ. ಕೆಳಗೆ ಜೈನ ರೈತರ ಸಂಸಾರ, ಮೇಲೆ ನಮ್ಮ ಖೋಲಿ. ಗಂಡಹೆಂಡತಿ ತಮ್ಮಲ್ಲಿ ಅರ್ಧ ಮರಾಠಿ ಆಡುತ್ತಿದ್ದರು. ನಾವು ಅವರನ್ನು ಕಾಕಾ, ಕಾಕೂ ಎಂದೆವು. ಬಾಡಿಗೆ ಎಷ್ಟು ಕಡಿಮೆ ಹೇಳಿದರೆಂದರೆ ನಮಗೆ ಸಂಶಯ ಬಂತು. ಕಾಕೂ ಸಂಶಯವನ್ನು ಅಲ್ಲೇ ಬಿಡಿಸಿದರು.

"ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ, ಮಣ್ಣಾಗಿನ ಗಡ್ಡಿ-ಗೆಣಸು ಯಾವದೂ ಈ ಹೊಸ್ತಲಾ ದಾಟಂಗಿಲ್ಲ."

"ಉಳ್ಳಾಗಡ್ಡಿ ಇಲ್ದ ರೊಟ್ಟಿ ಹೆಂಗ ಇಳೀತೈತ್ರಿ ಕಾಕೂ?" ಎಂದಳು ಮೂಡಲಗಿಯವಳು.

"ನೀರು ಕುಡಿ, ಇಳೀತೈತಿ. ಮತ್ತ ಹೊತ್ತು ಮುಳುಗಿದ ಮ್ಯಾಲ ಒಲಿ ಹಚ್ಚಂಗಿಲ್ಲ."

"ಉಣಬಹುದಲ್ರಿ?"

"ಉಣ್ರವಾ. ನಿಮ್ಮ ಹೊಟ್ಟಿ ನಿಮ್ಮದು. ನಾವು ಹೊತ್ತು ಮುಳುಗಿದ ಮ್ಯಾಲ ನೀರೂ ಮುಟ್ಟಂಗಿಲ್ಲ, ಅದು ನಮ್ಮ ಪದ್ಧತಿ. ನಿಮಗ ಒಲಿ ಮಾತಷ್ಟ ಹೇಳೇನಿ."

ಕಾಕಾ ಮೂಲೆಯಿಂದ, "ಹೋದ ವರ್ಷ ಬಂದವರು ಎಂಟ ದಿನಕ್ಕ ಉಳ್ಳಾಗಡ್ಡಿ ನೆನಿಸಿ ಓಡಿ ಹೋದ್ರು. ನೀವು ಎಷ್ಟ ದಿನ ನಿಲ್ತೀರಿ ನೋಡೂಣು" ಎಂದು ನಕ್ಕರು.

ನಾವು ನಿಂತೆವು. ಗೋಕಾಕದಿಂದ ನಾನು ಎಲ್ಲರಿಗಿಂತ ಮೊದಲು ಬರುತ್ತಿದ್ದೆ, ಬೆಳಕಿರುವಾಗಲೇ ಮೂವರಿಗೂ ಅಡುಗೆ ಮಾಡಿ ಮುಚ್ಚಿಡುತ್ತಿದ್ದೆ. ಕಾಕೂ ನಮ್ಮ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. "ಏ ಗೋಕಾಕ, ಹಾಲು ತಗೋ." "ಮೂಡಲಗಿ ಎಲ್ಲಿ ಅದಾಳ?" "ಹುಕ್ಕೇರಿ, ತಲಿ ಒರಸ್ಕೋ, ನೆಗಡಿ ಆಗ್ತೈತಿ." ಮೂರು ತಾಲೂಕುಗಳು ಅವರ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು.

ಮೆಟ್ಟಿಲಿನ ಬುಡದಲ್ಲಿ ನಾವು ಚಪ್ಪಲಿ ಬಿಡಬೇಕಿತ್ತು. ಸಂಜೆ ಕಾಕೂ ಆಗಾಗ ಬಾಗಿಲಿಗೆ ಬಂದು ಆ ಜಾಗ ನೋಡಿ ಒಳಗೆ ಹೋಗುತ್ತಿದ್ದರು. ಕಸ ನೋಡುತ್ತಾರೆ ಎಂದುಕೊಂಡು ನಾನು ದಿನಾ ಗುಡಿಸುತ್ತಿದ್ದೆ.

ಶ್ರಾವಣ, ಭಾದ್ರಪದ ಹೀಗೇ ಕಳೆದವು. ದಸರಾ ಆಯಿತು. ಕಬ್ಬಿನ ಹಂಗಾಮು ಶುರುವಾಯಿತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ಹಿಡಿದವು, ಅವುಗಳ ಹಿಂದೆ ಬಸ್ಸುಗಳು ಸಾಲುಗಟ್ಟಿದವು. ಹುಕ್ಕೇರಿಯವಳ ಪ್ರಾಕ್ಟಿಕಲ್ ಇದ್ದುದು ಮಧ್ಯಾಹ್ನ. ಅದು ಮುಗಿಸಿ, ಬಸ್ಸು ಹಿಡಿದು, ಕಬ್ಬಿನ ಹಿಂದೆ ತೆವಳಿಕೊಂಡು ಅವಳು ಬರುವಷ್ಟರಲ್ಲಿ ಓಣಿಯಲ್ಲಿ ದೀಪ ಹತ್ತಿರುತ್ತಿತ್ತು. ನಮಗೆ ಅದೊಂದು ವಿಷಯವೇ ಅನಿಸಲಿಲ್ಲ. ಬೆಳಿಗ್ಗೆ ಕಾಲೇಜಿಗೆ ತಡವಾದರೆ ಹಾಜರಿ ಹೋಗುತ್ತದೆ. ಸಂಜೆ ಮನೆಗೆ ತಡವಾದರೆ ಏನು ಹೋಗುತ್ತದೆ?

ಒಂದು ಸಂಜೆ ಮೊಸರಿಗೆ ಹೆಪ್ಪು ಕೇಳಲು ಕೆಳಗೆ ಹೋದೆ. ಕಾಕಾ ಉಂಡು ಕೈ ತೊಳೆಯುತ್ತಿದ್ದರು. ಕಾಕೂನ ತಾಟು ಗೋಡೆಗೆ ಬೋರಲಾಗಿ ಇತ್ತು. ಅವರು ಬಾಗಿಲಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು.

"ಕಾಕೂ, ನಿಮ್ಮದು ಊಟ ಆತ್ರಿ?"

ಅವರು ಕಾಳಿನಲ್ಲಿದ್ದ ಒಂದು ಹರಳು ಆರಿಸಿ ಹೊರಗೆ ಎಸೆದರು. ಕಾಕಾ ಟವೆಲಿನಲ್ಲಿ ಕೈ ಒರೆಸುತ್ತ, "ಅಕೀದು ಊಟ ಹುಕ್ಕೇರಿ ಬಸ್ಸಿನಾಗ ಬರಾಕತ್ತೈತಿ. ಹೊತ್ತು ಮುಳುಗೂದರಾಗ ಬಂದ್ರ ಉಣ್ತಾಳ. ಇಲ್ಲಂದ್ರ ಇಲ್ಲ" ಎಂದರು.

"ಸುಮ್ಮ ಇರ್ರಿ ನೀವು" ಎಂದರು ಕಾಕೂ.

"ಯಾಕ ಸುಮ್ಮ ಇರಲಿ? ದಸರಾ ಆದಾಗಿಂದ ನೋಡಾಕತ್ತೇನಿ. ಮನಿ ಮಂದಿ ದಾರಿ ಮ್ಯಾಲ ಇದ್ದಾಗ ಅಕಿ ತಾಟಿಗಿ ಕುಂಡ್ರಂಗಿಲ್ಲ. ಅವರ ಅವ್ವನೂ ಹಂಗ ಇದ್ಲು. ಆ ಚಪ್ಪಲ್ ಎಣಿಸೂದು ಯಾತಕ್ಕ ಅಂತ ತಿಳದೀ?"

ದಸರಾ ಆದಾಗಿನಿಂದ. ನಾನು ವಾರಗಳನ್ನು ಎಣಿಸಲು ಹೋಗಿ ನಿಲ್ಲಿಸಿದೆ. ಅಷ್ಟು ದಿನ, ನಮ್ಮ ಖೋಲಿಯ ಕೆಳಗೇ, ಒಬ್ಬ ಹೆಂಗಸು ಮಧ್ಯಾಹ್ನದ ಒಂದೇ ಊಟದ ಮೇಲೆ, ರಾತ್ರಿ ನೀರೂ ಇಲ್ಲದೆ ಮಲಗಿ ಏಳುತ್ತಿದ್ದಳು. ಬೆಳಿಗ್ಗೆ ಅದೇ ದನಿಯಲ್ಲಿ "ಏ ಗೋಕಾಕ" ಎಂದು ಕರೆದು ಹಾಲು ಕೊಡುತ್ತಿದ್ದಳು. ಅದರಲ್ಲಿ ಒಂದು ಆಕ್ಷೇಪಣೆಯಿಲ್ಲ, ಒಂದು ನಿಟ್ಟುಸಿರಿಲ್ಲ. ನನಗೆ ಒಡ್ಡಿನ ಮೇಲೆ ಬಾಗುತ್ತಿದ್ದ ನೀರು ನೆನಪಾಯಿತು. ಅಥವಾ ಇದು ಈಗ ಬರೆಯುವಾಗ ನೆನಪಾಗುತ್ತಿದೆ, ಆವಾಗ ಹೆಪ್ಪು ಕೇಳುವುದನ್ನೇ ಮರೆತು ಮೇಲೆ ಹತ್ತಿ ಬಂದಿದ್ದೆ.

ಹುಕ್ಕೇರಿಯವಳು ಬಂದ ಮೇಲೆ ಇಬ್ಬರಿಗೂ ಹೇಳಿದೆ. ಮೂಡಲಗಿಯವಳಿಗೆ ಸಿಟ್ಟು ಬಂತು. "ಇದೊಂದು ಜುಲುಮಿ ನೋಡು. ಕಾಯಿ ಅಂತ ಯಾರ ಹೇಳ್ಯಾರ ಆಕಿಗಿ? ನಾವು ಬಾಡಿಗಿ ಕೊಡ್ತೀವಿ!" ಹುಕ್ಕೇರಿಯವಳು ತನ್ನ ಚೀಲದ ಜಿಪ್ಪು ಎಳೆದಳು, ಬಿಟ್ಟಳು, ಎಳೆದಳು. ಅವಳು ಏನು ಯೋಚಿಸುತ್ತಿದ್ದಳೆಂದು ನಮಗೆ ಗೊತ್ತಿತ್ತು. ಈ ಮನೆ ಬಿಡುವುದೆಂದರೆ ಮೂವರೂ ಮುಟ್ಟುವ ಇನ್ನೊಂದು ಊರು ಹುಡುಕಬೇಕು. ಸಿಗದಿದ್ದರೆ ಸೋದರಮಾವನ ಕಟ್ಟೆ.

ಮಾರನೆಯ ದಿನ ನಾನೊಂದು ಉಪಾಯ ಮಾಡಿದೆ. ಈಗ ಹೇಳಲು ನಾಚಿಕೆಯಾಗುತ್ತದೆ. ಹುಕ್ಕೇರಿಯವಳದು ಒಂದು ಹಳೆಯ ಜೋಡಿ ಚಪ್ಪಲಿ ಇತ್ತು. ಸಂಜೆ ಹೊತ್ತು ಮುಳುಗುವ ಮುಂಚೆ ಅದನ್ನು ಮೆಟ್ಟಿಲಿನ ಬುಡದಲ್ಲಿ ನಮ್ಮ ಜೋಡಿಗಳ ಪಕ್ಕ ಇಟ್ಟುಬಿಟ್ಟೆ. ಅವಳಿಗೆ ಫೋನು ಮಾಡಿ, ಬಂದಾಗ ಕಾಲಿನವನ್ನು ಕೈಯಲ್ಲಿ ಹಿಡಿದು ಹಿತ್ತಿಲಿನಿಂದ ಹತ್ತಿ ಬಾ ಅಂದೆ. ಕಾಕೂ ಬಾಗಿಲಿಗೆ ಬಂದರು, ನೋಡಿದರು, ಒಳಗೆ ಹೋದರು. ತಾಟಿನ ಸದ್ದು ಕೇಳಿಸಿತು. ನಾವು ಮೇಲೆ ಬಾಯಿ ಮುಚ್ಚಿಕೊಂಡು ಕುಣಿದೆವು. ಹೀಗೆ ಮೂರು ಸಂಜೆ. ನಾಲ್ಕೂ ಇರಬಹುದು.

ಕೊನೆಯ ಸಂಜೆ ಹುಕ್ಕೇರಿಯವಳು ಹಿತ್ತಿಲಿನಿಂದ ಬರುವಾಗ ಕಾಕೂ ಅಲ್ಲೇ, ಆಕಳಿನ ಗೋದಲಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ತಾಟು. ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ. ಅದನ್ನು ಆಕಳಿಗೆ ಹಾಕುತ್ತಿದ್ದರು. ಇವಳ ಕೈಯಲ್ಲಿ ಚಪ್ಪಲಿ. ಮೆಟ್ಟಿಲ ಮೇಲಿಂದ ಇಣುಕುತ್ತಿದ್ದ ನಾವಿಬ್ಬರೂ ಇಳಿದು ಬಂದೆವು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ನಿಮಗ ಮೊದಲ ತಿಳದಿತ್ರೀ?" ಎಂದೆ.

"ಮೊದಲನೇ ದಿನಾನ ತಿಳೀತು" ಎಂದರು ಕಾಕೂ, ತಾಟು ಕೊಡವುತ್ತ. "ಹುಕ್ಕೇರಿ ಬಂದ್ಲು ಅಂದ್ರ ಚಪ್ಪಲ್ ಒದರಿ ಬಿಡ್ತಾಳ. ಒಂದು ತುಳಸಿ ಕಟ್ಟಿಗಿ, ಒಂದು ಬಾಗಲಿಗಿ. ಇವು ನೋಡಿದ್ರ ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ ಜೋಡಿ ನಿಂತಾವು. ಇದು ಗೋಕಾಕದ ಕೆಲಸ ಅಂತ ಗೊತ್ತಾತು."

"ಮತ್ತ ಯಾಕ್ರಿ ಹೇಳ್ಲಿಲ್ಲ?"

"ಮ್ಯಾಲ ಕುಣ್ಯಾಕತ್ತಿದ್ರಿ. ಕುಣೀಲಿ ಅಂತ ಬಿಟ್ಟೆ."

ಹುಕ್ಕೇರಿಯವಳು ಅಳುತ್ತಾ, "ನಾ ಊರಿಗಿ ಹೋಗ್ತೀನ್ರಿ ಕಾಕೂ. ನನ್ನ ಸಲುವಾಗಿ ನೀವು ಉಪಾಸ ಇರೂದು ಬ್ಯಾಡ್ರಿ" ಎಂದಳು.

ಕಾಕೂ ಆಗ ನಿಜವಾಗಿ ಸಿಟ್ಟಾದರು. "ಏನ್ ದೊಡ್ಡ ಮಾತು ಹೇಳಿದಿ! ನಾ ಬಿಟ್ಟದ್ದು ಒಂದ್ಹೊತ್ತಿಂದು. ನೀ ಬಿಟ್ಟು ಹೋದ್ರ ಜಲ್ಮದ್ದು. ಯಾರ ನಿನ್ನ ಕಳಸಾಕತ್ತಾರ ಇಲ್ಲಿಂದ? ಬಾಡಿಗಿ ಖೋಲಿಗಿ ತಗೋತೀನಿ ನಾ. ಕಾಯೂದು ನನ್ನ ಮನಿ ಕೆಲಸ, ಅದನ್ನ ಮಾಡಾಕ ನಿಮ್ಮನ್ನ ಕೇಳಬೇಕೇನ?"

ಅಷ್ಟು ಹೇಳಿ ತಾಟು ತೊಳೆಯಲು ಹೋದರು.

ಆ ವಾರ ನಾನು ನೋಟುಬುಕ್ಕಿನ ಹಿಂದಿನ ಹಾಳೆ ತೆಗೆದು ನೋಡಿದೆ. ನಾಲ್ಕು ಊರು, ಹನ್ನೆರಡು ಸಮಯ. ಎಲ್ಲವೂ ಬೆಳಗಿನವು. ಮೂವರು ಓದಿದವರು, ಅಷ್ಟು ಬಸ್ಸು ಹತ್ತಿ ಇಳಿದವರು, ಒಂದು ಸಲವಾದರೂ ತಿರುಗಿ ಬರುವ ಹಾದಿಯನ್ನು ಅಳೆದಿರಲಿಲ್ಲ. ಆಷಾಢದ ಸೂರ್ಯ ಕಾರ್ತಿಕದಲ್ಲೂ ಅದೇ ಹೊತ್ತಿಗೆ ಮುಳುಗುತ್ತಾನೆ ಎಂಬಂತೆ ಮನೆ ಹಿಡಿದಿದ್ದೆವು.

ಹಾಗಾಗಿ, ನಮ್ಮ ದಾರಿ ಕಾದು ಇನ್ನು ಯಾರೂ ಉಪವಾಸ ಬೀಳಬಾರದೆಂದು, ಮತ್ತೊಮ್ಮೆ ಊರು ಹುಡುಕಲು ಹೊರಟೆವು. ಈ ಸಲ ಸಂಜೆಯ ಲೆಕ್ಕ. ತುಕ್ಕಾನಟ್ಟಿಗೆ ಹುಕ್ಕೇರಿಯವಳು ಮುಟ್ಟುವಷ್ಟರಲ್ಲಿ ಪೂರ್ತಿ ಕತ್ತಲು. ಯಮಕನಮರಡಿಗೆ ಅವಳೇನೋ ಬೆಳಕಿನಲ್ಲೇ ಮುಟ್ಟಿದಳು, ಆದರೆ ಮೂಡಲಗಿಯವಳು ಊಟದ ಹೊತ್ತು ಮೀರಿ ಬಂದಳು. ಮೂವರೂ ಹೊತ್ತು ಮುಳುಗುವ ಮುಂಚೆ ಒಂದೇ ಹೊಸ್ತಿಲು ದಾಟುವಂಥ ಊರು ಈ ಮೂರು ತಾಲೂಕಿನಲ್ಲಿ ನಮಗೆ ಸಿಗಲಿಲ್ಲ.

ಯಮಕನಮರಡಿಯಲ್ಲಿ ನಾವು ಖೋಲಿ ವಿಚಾರಿಸಲು ಹೋದದ್ದು ಹುಕ್ಕೇರಿಯವಳ ತರಗತಿಯ ಒಬ್ಬ ಹುಡುಗಿಯ ಬಳಿಗೆ. ಹೆದ್ದಾರಿಯ ಮೇಲೆ ಅವಳಪ್ಪನ ಚಹಾದಂಗಡಿ. ಆಕೆ ನಮಗೆ ಚಹಾ ಕೊಟ್ಟು, ನಮ್ಮ ಕಥೆ ಕೇಳಿ, ಖೋಲಿಯ ಮಾತು ಬಿಟ್ಟು ತನ್ನ ಗೋಳು ತೆಗೆದಳು.

"ನಂದು ಉಲ್ಟಾ ನೋಡ್ರಿ. ನನಗ ಮುಂಜಾನಿ ಬ್ಯಾಚ್ ಕೊಟ್ಟಾರ. ಲಾರಿ ಮಂದಿಗಿ ಚಾ ಕೊಟ್ಟು ಹೋಗೂದರಾಗ ಅರ್ಧಾ ಪ್ರಾಕ್ಟಿಕಲ್ ಮುಗದಿರ್ತೈತಿ. ದಿನಾ ಬೈಸ್ಕೋತೀನಿ."

ನಾವು ಮೂವರೂ ಅವಳ ಮುಖ ನೋಡಿದೆವು. ಹುಕ್ಕೇರಿಯವಳು ಕಪ್ಪು ಕೆಳಗಿಟ್ಟಳು.

"ಬದಲಿ ಮಾಡ್ಕೊಳ್ಳೂಣೇನ?" ಎಂದಳು.

ಇಬ್ಬರೂ ಮರುದಿನ ಮೇಷ್ಟರನ್ನು ಕೇಳಿದರು. ಎರಡೂ ಬ್ಯಾಚಿನಲ್ಲಿ ತಲೆ ಎಣಿಕೆ ಸರಿಯಿದ್ದರೆ ಸಾಕು ಅಂದರಂತೆ ಅವರು. ಎಷ್ಟು ಸಣ್ಣ ಬಾಗಿಲು! ನಾವು ಊರೂರು ಅಲೆದು ಹುಡುಕಿದ್ದು ಒಂದು ಹಾಜರಿ ಪಟ್ಟಿಯ ಎರಡು ಹೆಸರುಗಳ ನಡುವೆ ಇತ್ತು.

ಇದು ಪುಕ್ಕಟೆಯಾಗಿ ಆಗಲಿಲ್ಲ. ಬೆಳಗಿನ ಬ್ಯಾಚು ಮುಟ್ಟಬೇಕೆಂದರೆ ಮೊದಲನೆಯ ಬಸ್ಸು. ಅದಕ್ಕೆ ಹುಕ್ಕೇರಿಯವಳು ಇನ್ನೂ ನಸುಕು ಇರುವಾಗಲೇ ಮನೆ ಬಿಡಬೇಕು. ಕಾಕೂ ಹೊತ್ತು ಮೂಡುವ ಮುಂಚೆ ಒಲೆ ಹಚ್ಚುವವರಲ್ಲ. ಆದ್ದರಿಂದ ಹಿಂದಿನ ದಿನವೇ ಕಡಕ ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿ ಮೆಟ್ಟಿಲಿನ ಮೇಲೆ ಇಡುತ್ತಿದ್ದರು. ಬಳ್ಳೊಳ್ಳಿ ಇಲ್ಲದ ಚಟ್ನಿಪುಡಿ ಅದು. ಅವಳು ಅದನ್ನು ಬಸ್ಸಿನಲ್ಲಿ ಕರಕರ ತಿಂದು, ಕಂಡಕ್ಟರನಿಗೂ ಒಂದು ತುಣುಕು ಕೊಟ್ಟು ಹೋಗುತ್ತಿದ್ದಳಂತೆ.

ಹೊಸ ಬ್ಯಾಚಿನ ಮೊದಲ ದಿನ ಅವಳು ಮನೆಗೆ ಬಂದಾಗ ನಾಲ್ಕೂವರೆಯೂ ಆಗಿರಲಿಲ್ಲ. ಮೂಡಲಗಿಯವಳು ಐದೂವರೆಗೆ ಬಂದಳು. ಆಮೇಲೆ ನಾವು ಮೂವರೂ ಏನೂ ಕೆಲಸವಿಲ್ಲದೆ ಮೆಟ್ಟಿಲಿನ ಮೇಲೆ ಕೂತೆವು. ಕಾಕೂ ಬಾಗಿಲಿಗೆ ಬಂದರು. ಕೆಳಗೆ ನೋಡಿದರು. ನಮ್ಮ ಕಡೆ ನೋಡಲೇ ಇಲ್ಲ. ಒಳಗೆ ಹೋಗಿ ಗೋಡೆಗಿದ್ದ ತಾಟು ತೆಗೆದು, ಅಂಗಾತ ಮಾಡಿ, ಬಡಿಸಿಕೊಂಡು ಕೂತರು. ಬಾಗಿಲು ತೆರೆದಿತ್ತು. ಅವರು ರೊಟ್ಟಿ ಮುರಿಯುವುದನ್ನು, ಪಲ್ಯದಲ್ಲಿ ಅದ್ದುವುದನ್ನು, ಅಗಿಯುವುದನ್ನು ನಾವು ಮೂವರೂ ಅವತ್ತು ಒಡ್ಡಿನ ನೀರನ್ನು ನೋಡಿದಂತೆ ನೋಡಿದೆವು.

ಈ ಚಿತ್ರದಲ್ಲಿ ನನಗೆ ಕಾಕೂನ ಹಿಂದೆ ಹೊಳೆಯ ನೀರು ಕಾಣುತ್ತದೆ, ಅದರ ಮೇಲೆ ಸಂಜೆಯ ಬಿಸಿಲೂ ಕಾಣುತ್ತದೆ. ಅದು ಸಾಧ್ಯವಿಲ್ಲ. ಆ ಅಡುಗೆಮನೆಯಿಂದ ಹೊಳೆ ಕಾಣುವುದಿಲ್ಲ. ಕಾಣುವುದು ಆಕಳಿನ ಗೋದಲಿ. ಕಾರ್ತಿಕದ ಹೊತ್ತಿಗೆ ಒಡ್ಡಿನ ಮೇಲೆ ಅಷ್ಟು ನೀರೂ ಇರುವುದಿಲ್ಲ. ಆ ಬಿಸಿಲನ್ನು ನಾನೇ ತಂದು ಅಲ್ಲಿಟ್ಟಿರಬೇಕು. ಊಟ ಮಾತ್ರ ನಾನು ಇಟ್ಟದ್ದಲ್ಲ.

ಮೆಟ್ಟಿಲು ಇಳಿಯುವಾಗ ಹುಕ್ಕೇರಿಯವಳ ಚಪ್ಪಲಿ ನೋಡಿದೆ. ಒಂದು ತುಳಸಿ ಕಟ್ಟೆಗೆ ಒರಗಿತ್ತು. ಇನ್ನೊಂದು ಬಾಗಿಲ ಬಳಿ ಬೋರಲಾಗಿ ಬಿದ್ದಿತ್ತು. ನನ್ನ ಚಾಳಿಯಂತೆ ಜೋಡಿಸಲು ಬಗ್ಗಿದೆ.

ಒಳಗಿನಿಂದ, ಬಾಯಲ್ಲಿ ತುತ್ತು ಇಟ್ಟುಕೊಂಡೇ, ಕಾಕೂ ಕೂಗಿದರು: "ಏ ಗೋಕಾಕ, ಮುಟ್ಟಬ್ಯಾಡ ಅವನ್ನ. ಹಂಗ ಇರ್ಲಿ."